ಅಡುಗೆಗೆ ಹಾಕದ ಉಪ್ಪು

ಸೋಣ ತಿಂಗಳು, ಎರಡನೆಯ ಬುಧವಾರ. ಬೆಳಿಗ್ಗೆ ಏಳು ಗಂಟೆ. ಸ್ಥಳ: ತ್ರಾಸಿಯ ನಮ್ಮ ಮನೆಯ ಜಗಲಿ. ಹಾಜರಿದ್ದವರು: ನಾನು, ಕ್ಷೌರದ ಶೀನ, ಒಳಬಾಗಿಲಲ್ಲಿ ನನ್ನ ಹೆಂಡತಿ. ನಡೆದ ಕೆಲಸ: ಕ್ಷೌರ, ಅರ್ಧ.

ದಿನಚರಿಯಲ್ಲಿ ಇಷ್ಟು ಬರೆದು ಪೆನ್ಸಿಲು ಕೆಳಗಿಟ್ಟಾಗ ಆ ಕೊನೆಯ ಶಬ್ದ ನನ್ನನ್ನೇ ದಿಟ್ಟಿಸಿ ನೋಡಿದಂತಾಯಿತು. ಬೈಂದೂರು, ಶಿರೂರು ಕಡೆಯ ಬೋರ್ಡು ಶಾಲೆಗಳಲ್ಲಿ ಮೂವತ್ತೆರಡು ವರ್ಷ ಹೆಡ್ಮಾಸ್ತರಿಕೆ ಮಾಡಿ, ಅರ್ಧ ಲೆಕ್ಕ ಬಿಡಿಸಿ ತಂದ ಹುಡುಗರನ್ನೆಲ್ಲ ಬೆಂಚಿನ ಮೇಲೆ ನಿಲ್ಲಿಸಿದ ಮನುಷ್ಯ, ಈಗ ವಾರಕ್ಕೆರಡು ಬಾರಿ ಅರ್ಧ ಮುಖದ ಕ್ಷೌರ ಮಾಡಿಸಿಕೊಂಡು ಎದ್ದು ಬರುತ್ತಾನೆ. ಬಲಗೆನ್ನೆ ನುಣುಪು; ಎಡಗೆನ್ನೆಯಲ್ಲಿ ಹೆಬ್ಬೆರಳಿನ ಅಗಲದಷ್ಟು ಉದ್ದ ಬೆಳೆದ ಬಿಳಿಗಡ್ಡ. ನೀವು ನನ್ನನ್ನು ದಾರಿಯಲ್ಲಿ ಕಂಡರೆ ಯಾವ ಬದಿಯಿಂದ ಕಂಡಿರಿ ಎಂಬುದರ ಮೇಲೆ ನನ್ನ ವಿಷಯದ ನಿಮ್ಮ ಅಭಿಪ್ರಾಯ ನಿರ್ಧಾರವಾಗುತ್ತದೆ.

ಶೀನನಿಗೆ ಇದು ಪ್ರತಿಸಲದ ವಿನೋದ. ಊರಿನ ಹಳಬರಂತೆ ಅವನೂ ಮಾಸ್ತರರನ್ನು ಐಗಳು ಎಂದೇ ಕರೆಯುತ್ತಾನೆ. “ಎಂತ ಐಗಳೆ, ಎಡದ್ ಬದಿ ಇವತ್ತಾರೂ ಕೊಡ್ತ್ರ್ಯಾ?” ಎಂದು ಕತ್ತಿ ಮಸೆಯುತ್ತ ಕೇಳಿದ. ನಾನು ಕೈ ಅಡ್ಡ ಹಿಡಿದೆ. “ಅಡ್ಡಿಲ್ಲ ಬಿಡಿ. ಬಸ್ಸಲ್ ನಿಮ್ಮ್ ಬಲಕ್ಕೆ ಕೂಕಂಡವ್ರಿಗ್ ನೀವ್ ಮಾಷ್ಟ್ರ್, ಎಡಕ್ಕೆ ಕೂಕಂಡವ್ರಿಗ್ ಸನ್ಯಾಸಿ. ಒಂದೇ ಟಿಕೇಟಲ್ ಇಬ್ರ್ ಹೋಯ್ಲಕ್ಕ್,” ಎಂದ. ನಗಬೇಕಾದ ಮಾತು. ಆದರೆ ನಗುವಿಗೂ ಎಡಗೆನ್ನೆಯ ಅನುಮತಿ ಬೇಕು, ಅದು ಸಿಗಲಿಲ್ಲ.

ಈ ಕೆನ್ನೆಯ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಮುಖ ತೊಳೆಯುವಾಗ, ಕಿವಿಯ ಬುಡದಿಂದ ತುಟಿಯ ಅಂಚಿನವರೆಗೆ ಕಾದ ಸೂಜಿಯೊಂದು ಓಡಿಹೋಯಿತು. ಎಣಿಸಿದರೆ ಹತ್ತು ಅಂಕಿಯಷ್ಟು ಹೊತ್ತು. ಆಮೇಲೆ ಏನೂ ಆಗಲೇ ಇಲ್ಲವೆಂಬಂತೆ ಸುಮ್ಮನಾಯಿತು. ಅಂದಿನಿಂದ ಅದು ಬರುತ್ತಲೇ ಇದೆ. ಗಾಳಿ ತಾಗಿದರೆ, ಅಗಿದರೆ, ಮಾತಾಡಿದರೆ, ಕೆಲವು ಸಲ ಏನೂ ಮಾಡದೆ ಕುಳಿತರೂ. ಮರವಂತೆಯಲ್ಲಿ ಸಮುದ್ರಕ್ಕೂ ಹೊಳೆಗೂ ನಡುವೆ ಬಸ್ಸು ಹೋಗುವಷ್ಟು ಹೊತ್ತು ನಾನು ಮುಖಕ್ಕೆ ಶಾಲು ಸುತ್ತಿಕೊಂಡು ಕುಳಿತಿರುತ್ತೇನೆ. ಮೊದಲು ಎಲ್ಲರೂ ಹಲ್ಲಿನ ಮೇಲೆ ಸಂಶಯಪಟ್ಟರು. ಒಂದರ ಹಿಂದೆ ಒಂದರಂತೆ ಮೂರು ಹಲ್ಲು ಕೀಳಿಸಿದೆ. ಮೂರೂ ಗಟ್ಟಿ ಹಲ್ಲುಗಳು. ಗಲಾಟೆ ಮಾಡಿದವನು ಸಿಗದಿದ್ದಾಗ ಮುಂದಿನ ಬೆಂಚಿನ ಮೂವರಿಗೆ ಪೆಟ್ಟು ಕೊಟ್ಟು ತರಗತಿ ಮುಂದುವರಿಸುತ್ತಿದ್ದ ದಿನಗಳು ನೆನಪಾದವು. ಆ ಹುಡುಗರಿಗೂ ಈ ಹಲ್ಲುಗಳಿಗೂ ನಾನು ಏನು ಹೇಳಿದರೂ ಈಗ ತಡವಾಯಿತು.

ಕಡೆಗೆ ಕುಂದಾಪುರದ ಡಾಕ್ಟರು, ಮದರಾಸಿನಲ್ಲಿ ಕಲಿತು ಬಂದ ಮಿತಭಾಷಿ, ಇದು ನರದ ನೋವು, ಹಲ್ಲುಗಳು ನಿರಪರಾಧಿಗಳು ಎಂದು ತೀರ್ಪು ಕೊಟ್ಟರು. ಕಳೆದ ವೈಶಾಖದಲ್ಲಿ ಅವರೇ ನನ್ನ ತೋಳಿಗೆ ಬಟ್ಟೆಯ ಪಟ್ಟಿ ಸುತ್ತಿ, ರಬ್ಬರಿನ ಚೆಂಡು ಹಿಸುಕಿ, ಪೆಟ್ಟಿಗೆಯಲ್ಲಿ ನಿಂತ ಗಾಜಿನ ಕೊಳವೆಯ ಪಾದರಸವನ್ನು ನೋಡಿ, ಇನ್ನೊಮ್ಮೆ ನೋಡಿ, ನನಗೆ ರಕ್ತದ ಒತ್ತಡವೂ ಇದೆ ಎಂದರು. ನೂರ ತೊಂಬತ್ತು. ಮಗ್ಗಿಯಲ್ಲಾದರೆ ಒಳ್ಳೆಯ ಸಂಖ್ಯೆ. ಬ್ರಹ್ಮಾವರದಲ್ಲಿರುವ ನನ್ನ ಅಣ್ಣನಿಗೂ ಇದೇ ಇತ್ತು. ಅವನು ಅದನ್ನು ಲೆಕ್ಕಕ್ಕಿಟ್ಟುಕೊಳ್ಳಲಿಲ್ಲ. ಒಂದು ಮಧ್ಯಾಹ್ನ ಎಲೆಯಡಿಕೆ ಮಡಿಸುತ್ತಿದ್ದವನ ಕೈಯಿಂದ ಎಲೆ ಜಾರಿ ಬಿತ್ತು. ಈಗ ಅವನಿಗೆ ಬಲಗೈ ಇಲ್ಲ, ಮಾತಿಲ್ಲ. ಕಣ್ಣು ಮಾತ್ರ ನಮ್ಮೆಲ್ಲರನ್ನೂ ಹಿಂಬಾಲಿಸುತ್ತದೆ.

ಎರಡು ಕಾಯಿಲೆಗಳನ್ನು ಒಟ್ಟಿಗೆ ಸಾಕುವುದೆಂದರೆ ಒಂದೇ ಕೋಣೆಯಲ್ಲಿ ಎರಡು ತರಗತಿ ನಡೆಸಿದ ಹಾಗೆ. ನೋವು ಬಂದರೆ ಒತ್ತಡ ಏರುತ್ತದೆ. ಒತ್ತಡಕ್ಕೆ ಮನಶ್ಶಾಂತಿ ಬೇಕು, ನೋವು ಅದನ್ನು ಇರಗೊಡುವುದಿಲ್ಲ. ಒತ್ತಡಕ್ಕೆ ಸಂಜೆಯ ಗಾಳಿಸಂಚಾರ ಹಿತ, ಕೆನ್ನೆಗೆ ಗಾಳಿಯೇ ಶತ್ರು. ಒಂದಕ್ಕೆ ಸರ್ಪಗಂಧದ ಗುಳಿಗೆ, ಇನ್ನೊಂದಕ್ಕೆ ಕಾಗದದ ಪಟ್ಟಿ ಅಂಟಿಸಿದ ಸೀಸೆಯ ಕಹಿನೀರು ಮತ್ತು ಹಂಚಿನಲ್ಲಿ ಹುರಿದ ಉಪ್ಪಿನ ಗಂಟಿನ ಶಾಖ. ಇದರ ಮೇಲೆ ಡಾಕ್ಟರು ಹೇಳಿದರು, ಇನ್ನು ಉಪ್ಪು ತಿನ್ನಕೂಡದು.

ಮನೆಗೆ ಬಂದವನೇ ಒಂದು ಹಾಳೆ ತೆಗೆದು, ಗೆರೆ ಎಳೆದು, ದುಂಡಗಿನ ಅಕ್ಷರದಲ್ಲಿ ಏಳು ನಿಯಮ ಬರೆದೆ. ಮೊದಲನೆಯದು: ಅಡುಗೆಗೆ ಉಪ್ಪು ಹಾಕಕೂಡದು. ಅದನ್ನು ಒಲೆಯ ಮೇಲ್ಗಡೆಯ ಗೋಡೆಗೆ ಅಂಟಿಸಿ, ಹೆಂಡತಿಯನ್ನು ಕರೆದು ಮೊದಲ ನಿಯಮವನ್ನು ಗಟ್ಟಿಯಾಗಿ ಓದಿ ಹೇಳಿದೆ. ಉಳಿದ ಆರನ್ನು ಓದುವ ಮೊದಲೇ ಸೂಜಿ ಓಡಿತು, ಬಾಯಿ ಮುಚ್ಚಿದೆ. ಅವಳಿಗೆ ಓದು ಬರುವುದಿಲ್ಲ. ಎರಡು ಊರಿನ ಮಕ್ಕಳಿಗೆ ಅಕ್ಷರ ಕಲಿಸಿದವನು ಮನೆಯ ಅಡುಗೆಕೋಣೆಯವರೆಗೆ ಬಂದಿರಲಿಲ್ಲ ಎಂಬುದು ಆ ಹೊತ್ತಿಗೆ ನನ್ನ ಗಮನಕ್ಕೂ ಬರಲಿಲ್ಲ.

ಮೊದಲ ಹತ್ತು ದಿನ ಗಂಜಿ ಗಂಟಲಲ್ಲಿ ಇಳಿಯಲಿಲ್ಲ. ಆಮೇಲೆ ಆಶ್ಚರ್ಯವೆಂಬಂತೆ ಇಳಿಯತೊಡಗಿತು, ಮಳೆ ಹಿಡಿಯುವ ಹೊತ್ತಿಗಂತೂ ರುಚಿಯಾಗಿಯೇ ಇಳಿಯಿತು. ಇದು ಇಂದ್ರಿಯನಿಗ್ರಹದ ಫಲ ಎಂದು ದಿನಚರಿಯಲ್ಲಿ ಬರೆದುಕೊಂಡೆ. ಬರೆದು ಸುಮ್ಮನಿದ್ದರೆ ಸಾಕಿತ್ತು. ಜಗಲಿಗೆ ಬಂದವರಿಗೆಲ್ಲ, ಕೆನ್ನೆ ಬಿಟ್ಟ ಹೊತ್ತು ನೋಡಿ, ನಾಲಗೆಯನ್ನು ಪಳಗಿಸುವ ಬಗೆ ಹೇಗೆಂದು ಉಪನ್ಯಾಸ ಮಾಡಿದೆ.

ಎರಡನೆಯ ಸಲ ಹೋದಾಗ ಪಾದರಸ ನೂರ ತೊಂಬತ್ತಾರಕ್ಕೆ ಹೋಯಿತು. “ಉಪ್ಪು ಬಿಟ್ಟಿದ್ದೀರಾ?” ಎಂದು ಡಾಕ್ಟರು ಕೇಳಿದರು. ನಾನು ದಿನಚರಿ ತೆರೆದು ತೋರಿಸಿದೆ. ಪ್ರತಿದಿನದ ಎದುರಿಗೂ ‘ಉಪ್ಪು: ಇಲ್ಲ’ ಎಂದಿತ್ತು. ಅವರು ಪುಸ್ತಕವನ್ನೂ ಕೊಳವೆಯನ್ನೂ ನೋಡಿದರು. ಎರಡರಲ್ಲಿ ಒಂದು ಸುಳ್ಳು ಹೇಳುತ್ತಿರಬೇಕು, ಆದರೆ ನನ್ನ ಮುಖ ನೋಡಿ ಪುಸ್ತಕವನ್ನು ನಂಬಿದರು. ಮುಂದಿನ ತಿಂಗಳೂ ಇಳಿಯದಿದ್ದರೆ ಆರು ತಿಂಗಳು ಹಾಸಿಗೆ ಬಿಟ್ಟು ಏಳಬಾರದು, ಏಳುವವರಿಗೆ ಏನಾಗುತ್ತದೆಂದು ನಿಮ್ಮ ಮನೆಯಲ್ಲೇ ನೋಡಿದ್ದೀರಿ, ಎಂದರು. ಐದಕ್ಕೆ ಎದ್ದು, ಆರಕ್ಕೆ ಸ್ನಾನ ಮಾಡಿ, ಏಳಕ್ಕೆ ಜಗಲಿಗೆ ಬರುವ ನನಗೆ ಆರು ತಿಂಗಳ ಹಾಸಿಗೆಯೂ ಅಣ್ಣನ ಎಲೆಯಡಿಕೆಯೂ ಬೇರೆ ಬೇರೆಯಾಗಿ ಕಾಣಲಿಲ್ಲ.

ಮೂರನೆಯ ಸಲ ಹೋದದ್ದು ಆಷಾಢದ ಮಳೆಯಲ್ಲಿ. ಅಂದು ಬೆಳಗಿನಿಂದ ಕೆನ್ನೆ ಬಿಟ್ಟಿರಲಿಲ್ಲ. ತುಟಿ ಅಲುಗಿಸಿದರೆ ಸಾಕು, ಕಣ್ಣಲ್ಲಿ ನೀರು. ಮಾತಾಡಲು ಜನ ಬೇಕೆಂದು ಹೆಂಡತಿ ಜತೆಗೆ ಹೊರಟಳು. ಇದ್ದಿಲಿನ ಹೊಗೆಯಿಂದ ಓಡುವ ಬಸ್ಸು ಏದುಸಿರು ಬಿಡುತ್ತ ಕಡವಿನವರೆಗೆ ಬಂತು. ದೋಣಿಯಲ್ಲಿ ಹೊಳೆ ದಾಟಿ ಕುಂದಾಪುರ ಸೇರಿದಾಗ ನಿಗದಿಯಾದ ಹೊತ್ತಿಗೆ ಐದು ನಿಮಿಷ ಬಾಕಿಯಿತ್ತು. ಪಾದರಸ ನೂರ ತೊಂಬತ್ತಾರರಲ್ಲೇ ನಿಂತಿತು. ಡಾಕ್ಟರು ಪಟ್ಟಿ ಬಿಚ್ಚಿದರು. ನಾನು ದಿನಚರಿಗೆ ಕೈ ಹಾಕಿದೆ, ಅವರು ಬೇಡವೆಂದು ಸನ್ನೆ ಮಾಡಿ, ಇವಳ ಕಡೆಗೆ ತಿರುಗಿದರು.

“ಇವರಿಗೆ ಊಟಕ್ಕೆ ಏನು ಕೊಡ್ತೀರಿ, ಅಮ್ಮ?”

“ಗಂಜಿ. ಅಗಿಯುಕ್ ಆತಿಲ್ಲ ಅಲ್ದಾ? ಒಂದ್ ಹರಳ್ ಉಪ್ಪ್ ಹಾಕುದಿಲ್ಲ, ದೇವ್ರಾಣಿ.”

“ಗಂಜಿಗೆ ಏನು ಕೂಡಿಸಿಕೊಳ್ತಾರೆ?”

“ಈ ಮಳಿಗಾಲ್ದಲ್ ಎಂತ ಸಿಕ್ಕತ್ತ್? ಉಪ್ಪಿನ್ ಸೊಳಿ ಬೇಸಿ, ಮೆತ್ತಗ್ ಮಸ್ದ್ ಕೊಡ್ತೆ. ಮಾಯಿನ್ ಮಿಡಿ ಭರಣಿ ನೀರ್ ಒಂದೆರಡ್ ಸೌಟ್ ಬಿಡ್ತೆ. ಅದಿಲ್ದಿರೆ ಇವ್ರಿಗ್ ಸೇರುದಿಲ್ಲ.”

ಬೇಸಿಗೆಯಲ್ಲಿ, ನಾವು ಸೊಳೆ ಎನ್ನುವ ಹಲಸಿನ ತೊಳೆ ಬಿಡಿಸಿ ಉಪ್ಪಿನಲ್ಲಿ ಅದುಮಿ, ಮಾವಿನ ಮಿಡಿಯನ್ನು ಉಪ್ಪುನೀರಲ್ಲಿ ಮುಳುಗಿಸಿ, ಭರಣಿಯ ಬಾಯಿಗೆ ಬಟ್ಟೆ ಕಟ್ಟಿಡುವುದು ಈ ಕರಾವಳಿಯ ಮನೆಗಳಿಗೆಲ್ಲ ಉಸಿರಾಡಿದಷ್ಟು ಸಹಜ. ಡಾಕ್ಟರ ಮನೆಯಲ್ಲೂ ಇದ್ದಿರಬೇಕು. “ಆ ಸೊಳೆಯಲ್ಲಿ ಉಪ್ಪಿಲ್ಲವಾ, ಅಮ್ಮ?” ಎಂದು ಮೆಲ್ಲಗೆ ಕೇಳಿದರು.

“ಅದ್ ಸೊಳಿ ಉಪ್ಪಲ್ದಾ? ಬೇಸ್ಗಿಯಲ್ ಹಾಕಿದ್ದ್. ಇವ್ರ್ ಹೇಳಿದ್ದ್ ಅಡ್ಗಿಗ್ ಹಾಕ್ಬೇಡ ಅಂದೇಳಿ,” ಎಂದವಳು ಅಲ್ಲಿಗೇ ನಿಂತಳು. ನನ್ನ ಮುಖ ನೋಡಿದಳು, ಮೇಜಿನ ಮೇಲಿನ ಗಾಜಿನ ಕೊಳವೆ ನೋಡಿದಳು. “ಹಂಗಾರ್ ನಾನೇ...” ಎಂದಳು.

ಹಾಸಿಗೆಯ ಶಿಕ್ಷೆಯನ್ನು ಡಾಕ್ಟರು ಒಂದು ತಿಂಗಳು ಮುಂದೂಡಿದರು. ಭರಣಿಗಳನ್ನು ನನ್ನ ಎಲೆಯಿಂದ ದೂರವಿಟ್ಟು ನೋಡೋಣ ಎಂದರು.

ಹಿಂದಿರುಗುವಾಗ ದೋಣಿಯಲ್ಲಿ ನಾವಿಬ್ಬರೂ ಮಾತಾಡಲಿಲ್ಲ. ನನಗೆ ಆಗುತ್ತಿರಲಿಲ್ಲ, ಅವಳಿಗೆ ಬರುತ್ತಿರಲಿಲ್ಲ. “ಎಂತ ಐಗಳೆ, ಇಬ್ರೂ ಬಾಯಿ ಕಟ್ಕಂಡ್ ಕೂಕಂಡಿದ್ರಿ? ಮನಿಯಲ್ ಗಲಾಟಿಯಾ?” ಎಂದು ದೋಣಿಯವನು ಜಲ್ಲೆ ಊರುತ್ತ ಕೇಳಿದ. ತಪ್ಪು ನಿನ್ನದಲ್ಲ, ನಿಯಮ ಬರೆದವನದು ಎಂಬ ಒಂದು ವಾಕ್ಯ ನನ್ನ ಬಾಯಲ್ಲಿ ಸಿದ್ಧವಾಗಿತ್ತು. ವ್ಯಾಕರಣದ ದೃಷ್ಟಿಯಿಂದಲೂ ದೋಷವಿಲ್ಲದ ವಾಕ್ಯ. ಅದನ್ನು ಆಚೆ ದಡದವರೆಗೂ ಹೊರತರಲಾಗಲಿಲ್ಲ.

ಆದರೆ ದೋಣಿಯಲ್ಲಿ ಕುಳಿತು ಯೋಚಿಸಲು ಕೆನ್ನೆಯ ಅಡ್ಡಿಯಿರಲಿಲ್ಲ. ಅಂದು ನನಗೆ ಮಾತು ಬರುತ್ತಿದ್ದರೆ ಡಾಕ್ಟರ ಪ್ರಶ್ನೆಗೆ ನಾನೇ ಉತ್ತರ ಕೊಡುತ್ತಿದ್ದೆ. ಉಪ್ಪು ಇಲ್ಲ, ಎಂದು ಸ್ಪಷ್ಟವಾಗಿ, ಪುರಾವೆ ಸಹಿತ. ಆ ಮಿಡಿಯ ನೀರನ್ನು ದಿನಾ ಕುಡಿದವನು ನಾನು. ಅದು ಉಪ್ಪೆಂದು ನನಗೂ ಹೊಳೆದಿರಲಿಲ್ಲ. ನನ್ನ ದಿನಚರಿ ಮತ್ತು ನನ್ನ ಶಿಸ್ತು ಕೂಡಿ ನನ್ನನ್ನು ನೇರವಾಗಿ ಅಣ್ಣನ ಪಕ್ಕದ ಹಾಸಿಗೆಗೆ ಒಯ್ಯುತ್ತಿದ್ದವು. ತಡೆದದ್ದು ನಾನು ಮೂರು ವರ್ಷದಿಂದ ಶಪಿಸುತ್ತಿದ್ದ ಆ ನರ. ಹಾಗೆಂದು ಅದಕ್ಕೆ ಕೃತಜ್ಞತೆ ಹೇಳುವಷ್ಟು ದೊಡ್ಡ ಮನಸ್ಸು ನನ್ನದಲ್ಲ.

ಮಾರನೆಯ ದಿನ ಕೆನ್ನೆ ಬಿಟ್ಟಿತು. ಗೋಡೆಯ ಹಾಳೆ ಕಿತ್ತು ತಂದು, ಏಳು ನಿಯಮಗಳನ್ನೂ ಅವಳಿಗೆ ಓದಿ ಹೇಳಿದೆ. ಪೂರ್ತಿ ಕೇಳಿದ ಮೇಲೆ, “ಇದ್ರಲ್ ಸೊಳಿ ಹೆಸ್ರೇ ಇಲ್ಲ,” ಎಂದಳು. ಇನ್ಸ್‌ಪೆಕ್ಟರರು ಯಾರೂ ನನ್ನ ಕೆಲಸದಲ್ಲಿ ಇಷ್ಟು ಬೇಗ ತಪ್ಪು ಹಿಡಿದದ್ದಿಲ್ಲ. ಹಾಳೆಯನ್ನು ಒಲೆಗೆ ಹಾಕಿದೆ. ಅವಳು ತನ್ನದೇ ಏರ್ಪಾಡು ಮಾಡಿಕೊಂಡಳು. ನನಗೆ ವರ್ಜ್ಯವಾದ ಭರಣಿಗಳ ಕೊರಳಿಗೆಲ್ಲ ಕೆಂಪು ನೂಲು ಕಟ್ಟಿದಳು. ಅಟ್ಟದ ಕೆಳಗೆ ಸಾಲಾಗಿ ನಿಂತ ಒಂಬತ್ತು ಭರಣಿಗಳಲ್ಲಿ ಒಂಬತ್ತಕ್ಕೂ ನೂಲು. ಮನೆಯಲ್ಲಿ ಉಪ್ಪಿಗೆ ಈಗ ಅಡುಗೆಕೋಣೆಯಿಂದ ನನ್ನ ಕೆನ್ನೆಗೆ ವರ್ಗವಾಗಿದೆ. ಹುರಿದ ಗಂಟಿನಲ್ಲಿ ಮಾತ್ರ ಅದರ ಹಾಜರಿ.

ಮೊನ್ನೆ ಸೋಮವಾರ ನಾಲ್ಕನೆಯ ಸಲ ಹೋಗಿಬಂದೆವು. ನೂರ ಅರುವತ್ತೆಂಟು. ಇದು ಪಾಸಲ್ಲ, ಆದರೆ ಮೇಲಿನ ತರಗತಿಗೆ ಕಳಿಸಬಹುದಾದ ಅಂಕ. ಹಾಸಿಗೆಯ ಮಾತನ್ನು ಡಾಕ್ಟರು ಎತ್ತಲಿಲ್ಲ. ಇವಳು ಅವರು ಪಟ್ಟಿ ಬಿಚ್ಚುವವರೆಗೂ ಉಸಿರು ಹಿಡಿದಿದ್ದಳೆಂದು ನನಗೆ ಅನಿಸಿತು, ಕೇಳಲಿಲ್ಲ. ಗಂಜಿ ಮತ್ತೆ ಗಂಟಲಲ್ಲಿ ಇಳಿಯುವುದಿಲ್ಲ. ಇಂದ್ರಿಯನಿಗ್ರಹದ ಬಗ್ಗೆ ಈಗ ಯಾರಿಗೂ ಏನೂ ಹೇಳುವುದಿಲ್ಲ.

ಇವತ್ತಿನ ಬುಧವಾರಕ್ಕೆ ಬರುತ್ತೇನೆ. ಸಂಜೆ ಐದೂವರೆಗೆ ಎಂದಿನಂತೆ ಶಾಖ ಆಯಿತು. ಶಾಖ ಆದ ಮೇಲೆ ಸುಮಾರು ಅರ್ಧ ಗಂಟೆ ಕೆನ್ನೆ ನಿದ್ದೆ ಹೋಗುತ್ತದೆ. ಇದನ್ನು ನನಗಿಂತ ಮೊದಲು ಗುರುತಿಸಿದವಳು ಅವಳು. ಉಪ್ಪಿನ ಗಂಟನ್ನು ಬದಿಗಿಟ್ಟು, ದೀಪದ ಬತ್ತಿ ಕತ್ತರಿಸುವ ಸಣ್ಣ ಕತ್ತರಿ ಹಿಡಿದು ಬಂದು, “ಅಲ್ಗ್ಬೇಡಿ ಕಾಣಿ,” ಎಂದಳು. ಅಲುಗಲಿಲ್ಲ. ಚರ್ಮಕ್ಕೆ ಬೆರಳು ತಾಗಿಸದೆ, ಕೂದಲು ಮಾತ್ರ ಹಿಡಿದು, ಒಂದೊಂದಾಗಿ ಕತ್ತರಿಸುತ್ತ ಹೋದಳು. ಶೀನನಿಗೆ ಐದು ನಿಮಿಷದ ಕೆಲಸ, ಅವಳಿಗೆ ಇಪ್ಪತ್ತೈದು ನಿಮಿಷ ಹಿಡಿಯಿತು. ಸೂಜಿ ಒಮ್ಮೆಯೂ ಓಡಲಿಲ್ಲ. ಕೊನೆಗೆ ಎರಡು ಹೆಜ್ಜೆ ಹಿಂದೆ ಸರಿದು ನೋಡಿ, “ಈಗ ಎರಡೂ ಬದಿ ಒಂದೇ ಕಾಣತ್ತ್,” ಎಂದಳು.

ಕನ್ನಡಿ ನೋಡಿದೆ. ಒಂದೇ ಕಾಣುತ್ತಿರಲಿಲ್ಲ. ಆದರೂ, ಅವಳಿಗೆ ಹೇಳಬೇಕೆಂದು ದೋಣಿಯಲ್ಲಿ ಸಿದ್ಧಮಾಡಿದ್ದ ವಾಕ್ಯ ಇನ್ನೂ ಬಾಯಲ್ಲೇ ಇತ್ತು. ಹೇಳಿದೆ. “ಆಯ್ತ್ ಆಯ್ತ್, ಮಾತಾಡ್ಬೇಡಿ, ಕೆನ್ನಿ ಎದ್ರೆ ಕಷ್ಟ,” ಎಂದು ನೆಲದ ಕೂದಲು ಗುಡಿಸಿದಳು.

ದಿನಚರಿ ತೆರೆದು ಬೆಳಗಿನ ಸಾಲು ಹುಡುಕಿದೆ. ‘ಅರ್ಧ’ ಎಂಬುದನ್ನು ಹೊಡೆದು, ಮೇಲೆ ‘ಮುಕ್ಕಾಲು’ ಎಂದು ಬರೆದೆ.