ಕಲ್ಲುಬಾನಿಯ ನೀರು

ಘಾಟಿ ಸುಬ್ರಹ್ಮಣ್ಯದಾಚೆಯ ಹಳೇ ಕಲ್ಲುಗಣಿಗೆ ಹೊರಟವರು ನಾನು ಮತ್ತು ಗೆಳೆಯ ನಾಗರಾಜ. ಒಣಗಿದ ಕೊರಕಲಿನೊಳಗೆ ಸಲೀಸಾದ ದಾರಿ, ಎರಡೂ ಕಡೆ ಕೆಮ್ಮಣ್ಣಿನ ಗೋಡೆ, ನೆರಳಿಗೊಂದು ಗಿಡವಿಲ್ಲ. “ಮರುಭೂಮಿ ನೋಡಕ್ಕೆ ರಾಜಸ್ಥಾನಕ್ಕೆ ಯಾಕ್ ಹೋಗ್ಬೇಕು ಗುರು?” ಎಂದು ನಾಗರಾಜ ನಗಿಸುತ್ತಲೇ ಬಂದ.

ಗಣಿಯ ಬಾಯಲ್ಲಿ, ಬಂಡೆಯಲ್ಲೇ ಕೆತ್ತಿದ ಸಣ್ಣ ಬಾನಿಯೊಂದರ ತುಂಬ ತಣ್ಣನೆಯ ನೀರಿತ್ತು. ಮಳೆನೀರೆಂದುಕೊಂಡು ಇಬ್ಬರೂ ಕಾಲು ಇಳಿಬಿಟ್ಟು ಕೂತೆವು. ಬೂಟನ್ನೂ ತೊಳೆದೆವು. ಅಷ್ಟರಲ್ಲಿ ನಾಲ್ಕು ಮೇಕೆಗಳ ಹಿಂದೆ, ಸೊಂಟದಲ್ಲಿ ಖಾಲಿ ಕೊಡವಿಟ್ಟುಕೊಂಡು ಒಬ್ಬ ಅಜ್ಜಿ ಬಂದರು. ಮೇಕೆಗಳು ನೀರನ್ನು ಮೂಸಿ ಹಿಂದೆ ಸರಿದವು.

“ದನ ಮೇಕೆ ಕುಡೀಲಿ ಅಂತ ಕಲ್ಲೊಡೆಯೋರು ಗಣಿ ಬಿಡೋ ದಿನ ಕೆತ್ತಿದ್ದು ಕಣಪ್ಪಾ. ಅನ್ನ ಕೊಟ್ಟ ಬಂಡೇಲಿ ಒಂದು ಬಾನಿ ಮಾಡ್ದೆ ಅವರು ಹೋಗಲ್ಲ. ನೀರು ಮಾತ್ರ ಕೆಳಗಿನ ತೋಟದ ಬೋರಿಂದ ನಾನೇ ಹೊತ್ತು ತುಂಬ್ತೀನಿ,” ಎಂದರು. ಬೈದಿದ್ದರೆ ವಾಸಿಯಿತ್ತು.

“ಕೊಡ ಕೊಡಿ ಅಜ್ಜಿ, ನಾನು ತರ್ತೀನಿ,” ಎಂದೆ.

“ತೋಟದೋರು ನಿಮಗೆ ನೀರು ಬಿಡಲ್ಲ. ಸುತ್ತಾಡಕ್ಕೆ ಬಂದೋರು, ಕೂತ್ಕಳಿ. ಮೇಕೆ ನೋಡ್ಕಳಿ.”

ನಾವು ಕೊಳೆನೀರು ಮೊಗೆದು ಚೆಲ್ಲಿ, ಬಾನಿಯನ್ನು ತಿಕ್ಕಿದೆವು. ಮುಕ್ಕಾಲು ಗಂಟೆಯಾದ ಮೇಲೆ ಅಜ್ಜಿ ಅದೇ ಕೊರಕಲಿನಲ್ಲಿ ಕೊಡ ಹೊತ್ತು ಬಂದರು. ಬಾನಿಗೆ ಸುರಿಯುವ ಮೊದಲು ಒಂದು ಚೊಂಬು ನೀರು ಬಗ್ಗಿಸಿ, ಕುಡಿಯಿರೆಂದು ನಮ್ಮ ಮುಂದೆ ಹಿಡಿದರು.