ಘಟ್ಟ ದಾಟಿ ಬಂದ ಧಾಬಳಿ

ಕಳೆದ ವಾರ ಮನೋಳಿಯಿಂದ ತಂದ ಧಾಬಳಿಯನ್ನು ಇಂದು ಬೆಳಿಗ್ಗೆ ಸವದತ್ತಿಯ ನನ್ನ ಬಾಡಿಗೆ ಮನೆಯ ಮಾಳಿಗೆಯ ಮೇಲೆ ಬಿಸಿಲಿಗೆ ಹರಡಿದೆ. ಧಾಬಳಿಯೆಂದರೆ ಮಡಿಗೆಂದು ಉಡುವ ಉಣ್ಣೆಯ ವಸ್ತ್ರ. ಪೂಜೆಯ, ನೈವೇದ್ಯದ ಅಡುಗೆಯ ಹೊತ್ತಿನಲ್ಲಿ ಮೈಗೆ ಸುತ್ತಿಕೊಳ್ಳುವಂಥದು. ಬಿಸಿಲು ಏರಿದಂತೆ ಅದರಿಂದ ಮೊದಲು ಹೊಗೆಯ ವಾಸನೆ ಬಂತು, ಆಮೇಲೆ ಇಂಗಿನದು. ಒಂದು ಅಂಚಿನಲ್ಲಿ ಅಂಗೈ ಅಗಲದ ಕಪ್ಪು ಕಲೆ. ಅದಕ್ಕೆ ಮೂಗು ಹಚ್ಚಿದರೆ ಸೀಮೆಎಣ್ಣೆ… ಇಷ್ಟು ವರ್ಷಗಳ ಮೇಲೂ ಅದು ವಾಸನೆಯೋ, ವಾಸನೆಯ ನೆನಪೋ, ಹೇಳಲಾರೆ. ಮನೋಳಿಯಲ್ಲಿ ಅದು ಇದ್ದ ಅಡುಗೆಮನೆಗೆ ಸೀಮೆಎಣ್ಣೆಯ ಸ್ಟೋವ್ ಎಂದೂ ಬಂದಿರಲಿಲ್ಲ. ಆ ಕಲೆ ಎಲ್ಲಿಯದೆಂದು ಊರಿನಲ್ಲಿ ಬಲ್ಲವರು ಅದರ ಒಡತಿ ಮತ್ತು ನಾನು, ಇಬ್ಬರೇ. ಈಗ ನಾನೊಬ್ಬಳು.

ನಮ್ಮದು ಒಕ್ಕಲುತನದ ಮನೆ. ಮಗ್ಗುಲಿನದು ಧಾಬಳಿಯ ಒಡತಿಯ ಮನೆ. ತಲೆಮಾರುಗಳಿಂದ ಪೌರೋಹಿತ್ಯ, ಪುರಾಣ ಹೇಳುವುದು ನಡೆದು ಬಂದಿತ್ತು. ಓಣಿಗೆಲ್ಲ ಅವರು ಕಾಕು, ಅಂದರೆ ಚಿಕ್ಕಮ್ಮ. ನನಗೆ ಅಕ್ಷರ ಕಲಿಸಿದವರು ಅವರು, ತಮ್ಮ ಪಡಸಾಲೆಯಲ್ಲಿ ಕೂಡಿಸಿ. ಪಾಠ ಮುಗಿದ ಮೇಲೆ ಅಡುಗೆಮನೆಯ ಹೊಸ್ತಿಲಿನ ಹೊರಗೆ ನಾನು ಕೈಯೊಡ್ಡಿ ನಿಲ್ಲಬೇಕು. ಒಳಗಿನಿಂದ ಅವರು ಉಂಡಿಯೊಂದನ್ನು ಮೇಲಿನಿಂದ ನನ್ನ ಅಂಗೈಗೆ ಬಿಡುತ್ತಿದ್ದರು, ಬೆರಳಿಗೆ ಬೆರಳು ತಾಕದಂತೆ. ಉಂಡಿ ಸಿಹಿಯಾಗಿತ್ತು. ಆ ಗೇಣು ಅಂತರಕ್ಕೆ ಒಂದು ಹೆಸರಿದೆ ಎಂಬುದು ಬಹಳ ಮುಂದೆ ಕಾಲೇಜಿನಲ್ಲಿ ತಿಳಿಯಿತು. ತಿಳಿದ ಮೇಲೆ ಸುಮ್ಮನಿರುವ ಸ್ವಭಾವ ನನ್ನದಲ್ಲ. ಪ್ರೀತಿಯಿಂದ ಪಾಲಿಸಿದರೂ ಮಡಿಯೆಂಬುದು ಸ್ವಚ್ಛತೆಯಲ್ಲ, ಯಾರನ್ನು ಹೊರಗಿಡಬೇಕೆಂಬ ಏರ್ಪಾಡು. ಇದನ್ನು ಅವರಿಗೇ ಹೇಳಿದ್ದೆ, ಹೊಸ್ತಿಲ ಹೊರಗೆ ನಿಂತು, ಎಷ್ಟೋ ಸಲ.

ಆ ಏರ್ಪಾಡು ಅವರನ್ನೂ ಬಿಟ್ಟಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಅವರನ್ನು ಯಾರೂ ಅರಿಷಿಣ-ಕುಂಕುಮಕ್ಕೆ ಕರೆಯಲಿಲ್ಲ. ಮದುವೆಮನೆಗಳಲ್ಲಿ ಹಿಂದಿನ ಕೋಣೆಯಲ್ಲಿ ಕೂತು ತರಕಾರಿ ಹೆಚ್ಚುತ್ತಿದ್ದರು. ಅದೂ ಅನ್ಯಾಯವೆಂದು ನಾನು ಹೇಳಿದಾಗ ಅವರು ಈಳಿಗೆಯಿಂದ ಕಣ್ಣೆತ್ತದೆ, "ನೀ ಒಬ್ಬಾಕಿ ಎಷ್ಟಂತ ಸಿಟ್ಟಾಗ್ತಿ ತಂಗಿ? ಊಟಾ ಮಾಡಿಯೇನು?" ಎಂದಿದ್ದರು.

ನಾವು ಘಟ್ಟ ದಾಟಿದ ವರ್ಷ ನನಗೆ ನಿಜವಾಗಿಯೂ ಸಾಕಾಗಿತ್ತು. ಬೈಲಹೊಂಗಲ, ಕಿತ್ತೂರು, ರಾಮದುರ್ಗವೆಂದು ಬಸ್ಸಿನಲ್ಲಿ ಅಲೆದು, ಹೊಲದ ಕೆಲಸಕ್ಕೆ ಹೆಂಗಸರಿಗೂ ಗಂಡಸರಷ್ಟೇ ಕೂಲಿ ಕೊಡಿರೆಂದು ಸಭೆಗಳಲ್ಲಿ ಕೇಳಿ, ಎಲ್ಲರೂ ತಲೆಯಾಡಿಸಿದ ಮೇಲೆ ಯಾವುದೂ ಬದಲಾಗದ್ದನ್ನು ಕಂಡು ದಣಿದಿದ್ದೆ. ಬೈಲಹೊಂಗಲದ ಗೆಳತಿಯರು ಕೆಲವರು ಹಿಮಾಲಯದ ಎತ್ತರದ ಘಟ್ಟವೊಂದನ್ನು ದಾಟುವ ಚಾರಣಕ್ಕೆ ಹೆಸರು ಹಚ್ಚಿದ್ದರು. ದಾರಿ ತೋರಿಸುವವನು, ಅಡುಗೆಯವನು, ಡೇರೆ ಎಲ್ಲವೂ ಕಂಪನಿಯದು. ನಾನೂ ಸೇರಿಕೊಂಡೆ. ಕೊನೆಯ ಗಳಿಗೆಯಲ್ಲಿ ಒಬ್ಬಳು ಬರುವುದಿಲ್ಲವೆಂದಳು. ಫೋನಿನಲ್ಲಿ ನಾನು ಮಾತಾಡಿದ್ದು ಗೋಡೆಯಾಚೆ ಕೇಳಿಸಿತ್ತು.

"ಆಕಿ ಬದ್ಲಿ ನಾ ಬರ್ತೀನಿ," ಎಂದರು ಕಾಕು.

"ಕಾಕು, ಅದು ಯಾತ್ರಾ ಅಲ್ರಿ. ಅಲ್ಲಿ ಗುಡಿ ಇಲ್ಲ, ಏನಿಲ್ಲ."

"ಗುಡಿ ಯಾರಿಗೆ ಬೇಕಾಗ್ಯದ? ನಿಮ್ಮ ಕಾಕಾ ಹುಟ್ಟಾ ಹಿಮಾಲಯದ ಪುರಾಣಾ ಹೇಳಿದ್ರು, ಬೆಳಗಾವಿ ದಾಟಿ ಹೋಗಲಿಲ್ಲ. ಕೇಳಿ ಕೇಳಿ ಸಾಕಾಗ್ಯದ. ಆ ಕಡೆ ಏನದ ಅಂತ ಒಮ್ಮೆ ನಾನ ನೋಡಿ ಬರ್ತೀನಿ."

ಸವದತ್ತಿಯ ಡಾಕ್ಟರರು ಇಬ್ಬರನ್ನೂ ಪರೀಕ್ಷಿಸಿ, ಅವರ ಬಗ್ಗೆ ಚಿಂತೆಯಿಲ್ಲ, ನಿಮ್ಮ ರಕ್ತದೊತ್ತಡ ನೋಡಿಕೊಳ್ಳಿ ಎಂದು ನನಗೇ ಹೇಳಿದರು. ದಿನಾಲು ನಸುಕಿನಲ್ಲಿ ಮಲಪ್ರಭೆಗೆ ಇಳಿದು, ಒದ್ದೆ ಸೀರೆಯಲ್ಲಿ ಮಡಿನೀರಿನ ಕೊಡ ಹೊತ್ತು ಏರಿ ಬರುತ್ತಿದ್ದ ಕಾಲುಗಳು ಅವು. ನಾನು ಯಾವುದನ್ನು ತಪ್ಪೆನ್ನುತ್ತಿದ್ದೆನೋ ಅದೇ ಅವರನ್ನು ಗಟ್ಟಿ ಮಾಡಿತ್ತು. ಹಾಗೆಂದು ತಪ್ಪು ಸರಿಯಾಗುವುದಿಲ್ಲ.

ಹಿಮಾಲಯದ ದಾರಿಯ ಬಗ್ಗೆ ಬೇರೆಯವರು ಚೆಂದವಾಗಿ ಬರೆದಿದ್ದಾರೆ. ನನಗೆ ನೆನಪಿರುವುದು ಹೆಚ್ಚಾಗಿ ಆಯಾಸ: ಜಾರುವ ಕಲ್ಲು, ಮುಂದಿನವಳ ಹಿಮ್ಮಡಿ, ಬೆಳಿಗ್ಗೆ ಎದ್ದಾಗ ಹಣೆಯೊಳಗೆ ಬಡಿಯುವ ನೋವು. ಒಂದೇ ಡೇರೆಯಲ್ಲಿ ಕಾಕು ಮತ್ತು ನಾನು ಮೈಗೆ ಮೈ ಹತ್ತಿ ಮಲಗುತ್ತಿದ್ದೆವು. ಅದಕ್ಕೆ ಅವರ ತಕರಾರಿರಲಿಲ್ಲ. ತಕರಾರು ಊಟಕ್ಕೆ. ಅಡುಗೆಯವನ ಕೈಯದನ್ನು ಅವರು ಮುಟ್ಟಲಿಲ್ಲ. ಹುರಿದ ಅವಲಕ್ಕಿ, ಅಂಟಿನ ಉಂಡಿ, ಝರಿಯ ತಣ್ಣೀರು. ಏರಿದಂತೆಲ್ಲ ಅದೂ ಗಂಟಲಿಗೆ ಇಳಿಯದಾಯಿತು. ಮೇಲಿನ ಕೊನೆಯ ಬಿಡಾರ ತಲುಪಿದ ಮಧ್ಯಾಹ್ನ ಅವರು ಎರಡು ಸಲ ಕಲ್ಲಿಗೆ ಕೈ ಕೊಟ್ಟು ನಿಂತರು. ನಮ್ಮ ಗೈಡ್, ಆ ಗುಡ್ಡಗಳದೇ ಊರಿನವನು, ಅವರ ಬೆರಳಿಗೆ ಆಮ್ಲಜನಕ ಅಳೆಯುವ ಯಂತ್ರ ಸಿಕ್ಕಿಸಿ ನೋಡಿದ. ಸಂಜೆಯೊಳಗೆ ಬಿಸಿ ಅನ್ನ ಹೊಟ್ಟೆಗೆ ಬೀಳದಿದ್ದರೆ ನಾಳೆ ಘಟ್ಟವಿಲ್ಲ, ಕುದುರೆಯ ಮೇಲೆ ಕೆಳಗೆ ಕಳಿಸುತ್ತೇನೆ ಎಂದ.

"ನಾ ಹೋಗಿ ಕುದಿಸ್ಕೋತೀನಿ," ಎಂದು ಕಾಕು ಚೀಲದ ತಳದಿಂದ ಧಾಬಳಿ ತೆಗೆದರು. ಅಷ್ಟು ದೂರ ಅದನ್ನೂ ಹೊತ್ತು ತಂದಿದ್ದರು.

ಅಡುಗೆಯ ಡೇರೆಯಲ್ಲಿ ಸ್ಟೋವ್ ಹತ್ತಿರಲಿಲ್ಲ. ಅಡುಗೆಯವನು ನಮಗಾಗಿ ನೀರು ತರಲು ಹೋಗಿ ತೊರೆಯಲ್ಲಿ ಜಾರಿ ಬಿದ್ದಿದ್ದ. ಒದ್ದೆಯದನ್ನು ಬಿಚ್ಚಿ ಯಾರದೋ ಅಂಗಿ ತೊಟ್ಟು, ಗೋಣಿಚೀಲದ ಮೇಲೆ ಮುದುಡಿ ಕೂತಿದ್ದ. ಹಲ್ಲು ಕಟಕಟ ಎನ್ನುತ್ತಿದ್ದವು. ನಮಗೆಲ್ಲ ದಪ್ಪನೆಯ ಮಲಗುವ ಚೀಲ ಕೊಟ್ಟಿದ್ದ ಕಂಪನಿ ಅವನಿಗೊಂದು ತೆಳು ರಜಾಯಿ ಕೊಟ್ಟಿತ್ತು. ಡೇರೆ ಸೋರಿ ಅದೂ ತೊಯ್ದಿತ್ತು. ಹೊರಗೆ ಆಲಿಕಲ್ಲಿನಂಥ ಹಿಮ. ನಾನು ಗೈಡನನ್ನು ತಡೆದು ಕೇಳಿದೆ: ಕೆಲಸದವರ ಮೈಗೆ ಚಳಿಯಿಲ್ಲವೇ? ಇವರಿಗೆ ಹೊದಿಕೆ ಕೊಡಬೇಕಾದವರು ಯಾರು? ಆದರೆ ಅವನೂ ಕೂಲಿಯವನೇ. ನನ್ನ ಪ್ರಶ್ನೆ ಸರಿಯಿತ್ತು, ಇಂದಿಗೂ ಸರಿಯೆನ್ನುತ್ತೇನೆ. ಊರಿಗೆ ಬಂದ ಮೇಲೆ ಕಂಪನಿಗೆ ಬರೆದೆ. ಉತ್ತರ ಬರಲಿಲ್ಲ.

ತಿರುಗಿ ನೋಡುವಷ್ಟರಲ್ಲಿ ಧಾಬಳಿ ಅಡುಗೆಯವನ ಮೈಮೇಲಿತ್ತು. ಕಾಕು ಅದನ್ನು ಅವನ ಕೊರಳವರೆಗೆ ಎಳೆದು, ಕೂಸಿಗೆ ಮಾಡುವಂತೆ ಅಂಚುಗಳನ್ನು ಒಳಗೆ ಸಿಕ್ಕಿಸುತ್ತಿದ್ದರು. ತಮ್ಮ ಮೈಮೇಲೆ ಬರೀ ಸ್ವೆಟರು, ತಲೆಗೆ ಮಂಕಿಟೋಪಿ. ಅವರು ಪಕ್ಕದ ಸ್ಟೋವಿಗೆ ಸೀಮೆಎಣ್ಣೆ ಹಾಕುವಾಗ ಡಬ್ಬಿ ವಾಲಿ ಒಂದಷ್ಟು ಧಾಬಳಿಯ ಅಂಚಿಗೆ ಚೆಲ್ಲಿತು.

ನಾನು ಅವರ ಮುಖ ನೋಡುತ್ತಿದ್ದೆ. ಅದು ಅವರಿಗೆ ಗೊತ್ತಾಯಿತು.

"ಏನ್ ನೋಡ್ತಿ? ಧಾಬಳಿಗೆ ಮೈಲಿಗಿ ಹತ್ತೂದಿಲ್ಲ. ಉಣ್ಣಿ ಅದು. ಕುರಿ ಏನ್ ಜಾತಿ ಕೇಳ್ತದ?"

"ಹಂಗಾರ ಕಾಕು, ನಾನೂ ಒಂದು ಧಾಬಳಿ ಹೊತ್ಕೊಂಡು ನಿಮ್ಮ ಅಡಿಗಿಮನಿಗೆ ಬರತೇನಿ."

"ಬರೇ ಧಾಬಳಿ ಬಂದ್ರ ಬರ್ಲಿ. ಅದರೊಳಗ ನೀ ಇರ್ತೀ ಅಲ್ಲ."

ಡೇರೆಯ ಬಾಗಿಲಲ್ಲಿ ನಿಂತಿದ್ದ ಗೆಳತಿಯರು ನಕ್ಕರು. ನಾನೂ ನಕ್ಕೆನೇನೋ… ಧಾಬಳಿಯೊಳಗೆ ಅಡುಗೆಯವನಿದ್ದಾನಲ್ಲ ಎಂದು ಕೇಳಬಹುದಿತ್ತು.

ಪಾತ್ರೆ ಕೈಗೆತ್ತಿಕೊಂಡು ಅವರು, ಇದರಲ್ಲಿ ತತ್ತಿ ಕುದಿಸಿದ್ದೀರಾ ಎಂದು ಮರಾಠಿ ಬೆರೆತ ಹಿಂದಿಯಲ್ಲಿ ವಿಚಾರಿಸಿದರು. ಅಡುಗೆಯವನು ಹೌದೆಂದು ತಲೆಯಾಡಿಸಿದ. ಕಾಕು ಹೊರಗೆ ಹೋಗಿ, ಹಿಮವನ್ನೂ ಮರಳನ್ನೂ ಬೊಗಸೆಯಲ್ಲಿ ತುಂಬಿ ಪಾತ್ರೆ ತಿಕ್ಕತೊಡಗಿದರು. "ಇದೂ ಗಂಗೀನ ಅಲ್ಲೇನು," ಎಂದರು, ನನಗೋ ತಮಗೋ, "ಇನ್ನೂ ಹರೀಲಿಕ್ಕೆ ಹತ್ತಿಲ್ಲ, ಅಷ್ಟ." ಹೆಸರುಬೇಳೆ, ಅಕ್ಕಿ, ಇಂಗಿನ ಒಗ್ಗರಣೆ. ಮೊದಲು ಅಡುಗೆಯವನಿಗೆ ಬಡಿಸಿದರು, ಆಮೇಲೆ ನಮಗೆ. ಕೊನೆಗೆ, ಎಲ್ಲರೂ ಉಂಡ ಅದೇ ಪಾತ್ರೆಯಿಂದ, ತಾವು ಎರಡು ಸಲ ಹಾಕಿಕೊಂಡು ಉಂಡರು.

ಮರುದಿನ ಆಕಾಶ ತಿಳಿಯಾಯಿತು. ಗೈಡ್ ಮತ್ತೆ ಬೆರಳು ನೋಡಿ ಹೂಂ ಎಂದ. ಘಟ್ಟದ ನೆತ್ತಿಯಲ್ಲಿ ಕಲ್ಲುಗುಪ್ಪೆ, ಗಾಳಿಗೆ ಹರಿದ ಬಣ್ಣದ ಬಾವುಟಗಳು. ಕಾಕು ಕಲ್ಲುಗುಪ್ಪೆಯ ಆಚೆ ಹೋಗಿ, ಹಣೆಗೆ ಕೈಯಿಟ್ಟು ಬಹಳ ಹೊತ್ತು ನೋಡಿದರು. ಮುಂದೆ ಗುಡ್ಡ, ಅದರಾಚೆ ಗುಡ್ಡ.

"ಈ ಕಡೆನೂ ಗುಡ್ಡಾನ ಅವ ಅಲ್ಲ ತಂಗಿ," ಎಂದು ಹೇಳಿ ಕೂತುಬಿಟ್ಟರು. ನಿರಾಸೆಯೋ ಸಮಾಧಾನವೋ ತಿಳಿಯಲಿಲ್ಲ. ಅಡುಗೆಯವನು ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಅವರ ಮುಂದೆ ಹಿಡಿದ. ಅವರು ಅವನ ಕೈಯಿಂದ ಲೋಟ ತೆಗೆದುಕೊಂಡರು, ಬೆರಳಿಗೆ ಬೆರಳು ತಾಕುವಂತೆ, ಯಾವ ಸಬೂಬೂ ಹೇಳದೆ. ಕುಡಿದರು. ಆ ಗಳಿಗೆಯಲ್ಲಿ ನಾನು ನಂಬಿದೆ: ದಾಟಬೇಕಾದದ್ದನ್ನು ದಾಟಿದೆವೆಂದು.

ಊರಿಗೆ ಮರಳಿದ ಮೂರ್ನಾಲ್ಕು ದಿನಕ್ಕೆ ಅವರ ಮನೆಗೆ ಹೋದೆ. ಒಲೆಯ ಮುಂದೆ ಅದೇ ಧಾಬಳಿ ಉಟ್ಟು ಕೂತಿದ್ದರು. ಹೊಸ್ತಿಲಿನ ಮೇಲೆ ಕಾಲಿಡಲಿದ್ದೆ.

"ಅಲ್ಲೇ ನಿಂದ್ರು ತಂಗಿ. ನೈವೇದ್ಯದ ಅಡಿಗಿ ನಡದದ."

"ಘಟ್ಟದ ಮ್ಯಾಲ ಚಾ ಕುಡದ್ರೆಲ್ರಿ, ಕಾಕು."

"ಅದು ಅಲ್ಲಿ. ಇಲ್ಲಿ ದೇವರಿದ್ದಾನ."

"ಅಲ್ಲಿ ಇರಲಿಲ್ಲೇನ್ರಿ?"

ಅವರು ಕಡಬಿನ ಹಿಟ್ಟು ನಾದುತ್ತಿದ್ದ ಕೈ ನಿಲ್ಲಿಸಿದರು. "ಇದ್ದ. ಅಲ್ಲಿ ಅವನೂ ನಮ್ಮಂಗ ದಣದಿದ್ದ." ಮತ್ತೆ ನಾದತೊಡಗಿದರು.

ನಾನು ಹೊಸ್ತಿಲ ಹೊರಗೇ ಕೂತೆ. ಇದು ತಪ್ಪು ಕಾಕು ಎಂದೆ. ಗೊತ್ತದ ಎಂದರೋ, ಗೊತ್ತಿಲ್ಲ ಎಂದರೋ… ಒಲೆಯ ಸದ್ದಿನಲ್ಲಿ ಸರಿಯಾಗಿ ಕೇಳಿಸಲಿಲ್ಲ. ಆಮೇಲಿನ ವರ್ಷಗಳಲ್ಲಿ ನಮ್ಮ ಸ್ನೇಹವೂ ಹಾಗೆಯೇ ಉಳಿಯಿತು, ವಾದವೂ ಹಾಗೆಯೇ ಉಳಿಯಿತು. ನಾನು ಹೊರಗೆ, ಅವರು ಒಳಗೆ. ಅವರಿಗೆ ಇನ್ನೊಂದು ಹೊಸ ಧಾಬಳಿಯಿತ್ತು. ಆದರೂ ದೇವರ ಅಡುಗೆಗೆ ಉಟ್ಟದ್ದು ಕಲೆಯಿದ್ದ ಇದನ್ನೇ. ಇದನ್ನು ನಾನು ಗೆಲುವೆಂದು ಬರೆದರೆ ಸುಳ್ಳಾಗುತ್ತದೆ. ಗಮನಿಸಿದ್ದೆನೆಂದು ಮಾತ್ರ ಬರೆಯಬಲ್ಲೆ.

ಈ ಮಳೆಗಾಲದ ಮೊದಲಿಗೆ ಅವರು ಹೋದರು, ನಾಲ್ಕು ದಿನದ ಜ್ವರದಲ್ಲಿ. ನಾನು ರಾಮದುರ್ಗದ ಸಭೆಯಲ್ಲಿದ್ದೆ. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕಳೆದ ವಾರ ಅವರ ಮೈದುನನ ಮಗ ಮನೆ ಖಾಲಿ ಮಾಡುತ್ತ, "ಕಾಕುನ ನೆನಪಿಗೆ ಏನರ ತಗೊಂಡು ಹೋಗ್ರಿ ಅಕ್ಕಾರ. ಒಳಗ ಹೋಗ್ರಿ, ಯಾರದೇನದ ಈಗ?" ಎಂದ.

ನಾನು ಹೊಸ್ತಿಲು ದಾಟಿದೆ. ಬಾಲ್ಯದಿಂದ ಹೊರಗೆ ನಿಂತು ನೋಡಿದ್ದ ಅಡುಗೆಮನೆ ಒಳಗಿನಿಂದ ಬಹಳ ಚಿಕ್ಕದಿತ್ತು. ಒಲೆ ತಣ್ಣಗಿತ್ತು. ಮೇಲಿನ ಬಿದಿರ ಗಳುವಿನ ಮೇಲೆ, ಯಾರೂ ಮುಟ್ಟದಷ್ಟು ಎತ್ತರದಲ್ಲಿ, ಧಾಬಳಿ ಇನ್ನೂ ಜೋತುಬಿದ್ದಿತ್ತು. ಕೋಲಿನಿಂದ ಇಳಿಸಿಕೊಂಡು ಹೆಗಲ ಮೇಲೆ ಹೊದ್ದು, ಅವರು ಕೂರುತ್ತಿದ್ದ ಮಣೆಯ ಮೇಲೆ ಕೂತೆ.

ಧಾಬಳಿಯೊಳಗೆ ನಾನಿದ್ದೆ. ಎದ್ದೇಳು ಎನ್ನಲು ಅವರಿರಲಿಲ್ಲ.