ನೈದಿಲೆಗೆ ಎರಡು ಬೊಗಸೆ ಯೂರಿಯಾ

ನಮ್ಮ ಕಾಕಾ ನಮ್ಮ ಹಿತ್ತಲಿನ ಕೊಳಕ್ಕೆ ಎರಡು ಬೊಗಸೆ ಯೂರಿಯಾ ಎರಚಿದರು. ಕೊಳದಲ್ಲಿದ್ದದ್ದು ನೈದಿಲೆ. ಕಾಕಾನ ಲೆಕ್ಕದಲ್ಲಿ ಅದೂ ಕಬ್ಬೇ.

ತಪ್ಪು ತಿಳಿಯಬೇಡಿ, ಎರಚಿದ್ದು ಪ್ರೀತಿಯಿಂದಲೇ. ಕಾಕಾ ಉಗಾರದ ಕಡೆಯ ಕಬ್ಬಿನ ರೈತ. ಹಳದಿಯಾದ ಎಲೆ ಕಂಡರೆ ಸಾಕು, ಕೈ ತಾನಾಗಿ ಗೊಬ್ಬರದ ಚೀಲಕ್ಕೆ ಹೋಗುತ್ತದೆ. (ನನಗೆ ಕಾಮಾಲೆ ಆದಾಗ ಅವರಿಂದ ದೂರವೇ ಇದ್ದೆ.)

ಇದೆಲ್ಲ ಶುರುವಾದದ್ದು ಒಂದು ತೊಟ್ಟಿಯಿಂದ. ಚಿಕ್ಕೋಡಿಯಲ್ಲಿ ಮನೆ ಕಟ್ಟಿಸುವಾಗ ಗೋಡೆಗೆ ಹೊಡೆಯುವ ಕ್ಯೂರಿಂಗ್ ನೀರಿಗೆಂದು ಮಾಡಿಸಿದ್ದ ತೊಟ್ಟಿ ಹಿತ್ತಲಲ್ಲಿ ಖಾಲಿ ಬಿದ್ದಿತ್ತು. "ಒಂದ ಎಮ್ಮಿ ಕಟ್ಟಪಾ, ನೀರ ಕುಡಿಯಾಕ ಆಕ್ಕೈತಿ" ಎಂದರು ಕಾಕಾ. ನನ್ನ ಹೆಂಡತಿ ಮಂಗಲಾ ಒಪ್ಪಲಿಲ್ಲ.

"ಈ ಮನ್ಯಾಗ ಬೆಳದದ್ದೆಲ್ಲಾ ಒಂದ ತಿನ್ನೂದು, ಇಲ್ಲಾ ಮಾರೂದು. ನನಗ ಬರೇ ನೋಡಾಕ ಒಂದ ಹೂ ಬೇಕ್ರಿ."

ಮದುವೆಯಾದಾಗಿನಿಂದ ಅವಳು ತನಗೆಂದು ಕೇಳಿದ್ದು ಇದೊಂದೇ. ಕೇಳಿ ಸಂಕಟವಾಯಿತು. ಮರುದಿನವೇ ನಿಪ್ಪಾಣಿಯ ನರ್ಸರಿಗೆ ಹೊರಟೆವು.

ನಾನು ಊಟದ ತಾಟಿನಷ್ಟು ಅಗಲದ ಎಲೆಯ ಕೆಂಪು ನೈದಿಲೆ ತೋರಿಸಿದೆ. ನರ್ಸರಿಯವರು ನನ್ನನ್ನು ಬಿಟ್ಟು ಮಂಗಲಾಳತ್ತ ತಿರುಗಿ, "ವಹಿನಿ, ತೊಟ್ಟಿ ಎಷ್ಟ ದೊಡ್ಡದೈತಿ? ಬಿಸಲ ಬೀಳತೈತೇನ್ರಿ?" ಎಂದು ಕೇಳಿದರು. ಅವಳು ಎರಡೂ ಕೈ ಚಾಚಿ ಅಳತೆ ತೋರಿಸಿದಳು. ನನ್ನ ಕೆಂಪು ಅಲ್ಲಿಗೇ ರಿಜೆಕ್ಟ್. ಅಷ್ಟು ಸಣ್ಣ ತೊಟ್ಟಿಯಲ್ಲಿ ಅದನ್ನಿಟ್ಟರೆ ನೀರೇ ಕಾಣುವುದಿಲ್ಲವಂತೆ. ಮಂಗಲಾ ಸಣ್ಣ ಎಲೆಯ, ತಿಳಿಹಳದಿ ಹೂವಿನ ಜಾತಿ ಆರಿಸಿದಳು. ಗಡ್ಡೆಯ ತಲೆ ಮಣ್ಣಿನ ಮೇಲೆ ಕಾಣುವಂತೆ ನೆಡಬೇಕು, ಗೊಬ್ಬರ ನೀರಿಗೆ ಬೀಳಬಾರದು ಎಂದು ಎರಡೆರಡು ಸಲ ಹೇಳಿಸಿಕೊಂಡಳು.

ಹೇಳಿಸಿಕೊಂಡು ಏನು ಪ್ರಯೋಜನ? ಮನೆಯಲ್ಲಿ ಕಾಕಾ ಬಂದು ಕೂತಿದ್ದರು.

ತೊಟ್ಟಿಗೆ ಇಳಿಸಲೆಂದು ಮಂಗಲಾ ಎರೆಮಣ್ಣು ತುಂಬಿದ ಟಬ್ ಕಂಡದ್ದೇ ತಡ, ಗಡ್ಡೆ ಅವರ ಕೈಗೆ ಹೋಯಿತು. ಕಬ್ಬಿನ ಬೀಜದ ತುಂಡು ಮಲಗಿಸಿದ ಹಾಗೆ ಅಡ್ಡ ಮಲಗಿಸಿದರು. ಮೇಲೆ ಮಣ್ಣು ಎಳೆದರು. ಹಿಮ್ಮಡಿಯಿಂದ ಧಡಧಡ ತುಳಿದರು.

"ಮಾವಾರ, ತಲಿ ಮ್ಯಾಲ ಇರಬೇಕಂತ್ರಿ."

"ಕಣ್ಣ ಮಣ್ಣಾಗ ಮುಚ್ಚಲಿಲ್ಲಂದ್ರ ಮೊಳಕಿ ಹೆಂಗ ಒಡಿತೈತಿ ಬೇ? ನನಗ ನಾಟಿ ಕಲಸ್ತೀಯೇನ?"

ಮಂಗಲಾ ನನ್ನನ್ನು ನೋಡಿದಳು. ನಾನು ಪಕ್ಕದ ಮನೆಯ ತೆಂಗಿನ ಮರ ನೋಡಿದೆ. (ಅಪ್ಪನ ತಮ್ಮ. ನೀವಾದರೆ ಏನು ಮಾಡುತ್ತಿದ್ದಿರಿ?)

ಬಹಳ ದಿನ ಏನೂ ಬರಲಿಲ್ಲ. ಆಮೇಲೆ ಎರಡು ಎಲೆ ಬಂದವು, ಕಾಯಿಲೆಯವರ ಹಾಗೆ ಹಳದಿ. ಅದನ್ನು ಕಂಡೇ ಕಾಕಾ ಯೂರಿಯಾ ಎರಚಿದ್ದು. ಫಲಿತಾಂಶ ಬೇಗ ಸಿಕ್ಕಿತು. ಇಡೀ ತೊಟ್ಟಿ ಪಾಲಕ್ ಸೂಪ್ ಆಯಿತು.

"ನೋಡ, ಹಸರ ಬಂತಲ್ಲ!" ಎಂದರು ಕಾಕಾ. ಹಸಿರು ಬಂದದ್ದು ಪಾಚಿಗೆ.

ಮಂಗಲಾ ಸೀರೆ ಎತ್ತಿ ಕಟ್ಟಿ ತೊಟ್ಟಿಗೆ ಇಳಿದಳು. ಕೊಡಗಟ್ಟಲೆ ನೀರು ಹೊರಚೆಲ್ಲಿದಳು. ಗಡ್ಡೆ ಕಿತ್ತು, ಕೊಳೆತದ್ದು ಕತ್ತರಿಸಿ, ಹೊಸ ಮಣ್ಣಿನಲ್ಲಿ ತಲೆ ಮೇಲೆ ಬರುವಂತೆ ನೆಟ್ಟಳು. ಸುತ್ತ ಹರಳುಕಲ್ಲು ಹರಡಿದಳು. ನಾನು ಸಹಾಯಕ್ಕೆ ಹೋದೆ. "ನೀವು ತೆಂಗಿನ ಗಿಡಾ ನೋಡ್ರಿ" ಎಂದಳು.

ನಮಗೆ ಯಾವುದನ್ನೂ ಸುಮ್ಮನೆ ಬಿಡಲು ಬರುವುದಿಲ್ಲ, ಅಲ್ಲವೇ? ಮಗು ಹಾಡಿದರೆ ಕ್ಲಾಸಿಗೆ ಹಾಕು. ಹೆಂಗಸು ಚೆನ್ನಾಗಿ ಅಡುಗೆ ಮಾಡಿದರೆ ಮೆಸ್ ತೆಗಿ. ಮನುಷ್ಯ ಬೆಳಿಗ್ಗೆ ವಾಕಿಂಗ್ ಹೊರಟರೆ ಬರುವಾಗ ಹಾಲು ತಾ. ಚೆಂದ ಅನ್ನುವುದು ಒಂದು ಕೆಲಸವೇ ಅಲ್ಲ ನಮ್ಮಲ್ಲಿ.

ಕಳೆದ ವಾರ ಮೊಗ್ಗು ಅರಳಿತು. ತಿಳಿಹಳದಿ, ಒಂದೇ ಒಂದು. ಮಂಗಲಾ ಚಹಾದ ಕಪ್ ಹಿಡಿದು ತೊಟ್ಟಿಯ ಕಟ್ಟೆಯ ಮೇಲೆ ಕೂತವಳು ಏಳಲೇ ಇಲ್ಲ. ಚಹಾ ಆರಿತು. ಉಪ್ಪಿಟ್ಟು ನಾನೇ ಮಾಡಿದೆ. ಅವಳ ಮುಖ ಅಷ್ಟು ಹಗುರಾಗಿದ್ದದ್ದು ನಾನು ನೋಡಿರಲಿಲ್ಲ, ಖುಷಿಯಾಯಿತು.

ಅಷ್ಟರಲ್ಲಿ ಕಾಕಾ ಬಂದರು. ಹೂ ನೋಡಿ ಅವರಿಗೂ ಸಂತೋಷವೇ. ಚಪ್ಪಲಿ ಬಿಟ್ಟರು, ಧೋತರ ಮೇಲೆತ್ತಿದರು, ಬಾಗಿ ಕೈ ಚಾಚಿದರು.

"ಮೊದಲನೇ ಹೂ ದೇವರಿಗೆ ಏರಸಬೇಕವಾ."

ನಮ್ಮ ಕಡೆ ಹಾಗೇ. ಮೊದಲ ತೆನೆ ದೇವರಿಗೆ, ಎಮ್ಮೆ ಈದರೆ ಮೊದಲ ಬೆಣ್ಣೆ ದೇವರಿಗೆ. ಇದಕ್ಕೆ ಎದುರಾಡಿದವರನ್ನು ನಾನು ಕಂಡಿಲ್ಲ. ಆದರೆ ಮಂಗಲಾ ಕಪ್ ಕೆಳಗಿಟ್ಟು ಕಾಕಾನ ಕೈಗೆ ತನ್ನ ಕೈ ಅಡ್ಡ ಹಿಡಿದಳು.

"ಮುಟ್ಟಬ್ಯಾಡ್ರಿ ಮಾವಾರ. ದೇವರಿಗೆ ಬೇಕಾದ್ರ ಇಲ್ಲೇ ಬಂದ ನೋಡ್ಲಿ."

ಕಾಕಾ ದಂಗಾಗಿ ನನ್ನತ್ತ ನೋಡಿದರು. ಈ ಸಲ ನಾನು ಮರ ನೋಡಲಿಲ್ಲ, ಅವರಿಗೆ ಕುರ್ಚಿ ತಂದು ಹೂವಿನ ಎದುರಿಗೇ ಹಾಕಿದೆ. ಇಷ್ಟು ವರ್ಷ ಕಿತ್ತು ಕಿತ್ತು ದೇವರ ಜಗಲಿಗೇ ಮುಟ್ಟಿಸಿದ್ದೇವಲ್ಲ, ಒಂದು ಸಲ ದೇವರೇ ಹಿತ್ತಲಿನ ತನಕ ನಡೆದು ಬಂದರೆ ಕಾಲು ನೋಯುತ್ತದೆಯೇ?